ತಂತ್ರಾಂಶದ ಒಳಗನ್ನು ತಿಳಿಯುವ ಸಲಕರಣೆಗಳು: ಉಪಯೋಗ ಮತ್ತು ಕಾನೂನಿನ ಮಿತಿ

ಸಕಲೇಶಪುರ, ಆಲೂರು ಭಾಗದ ಕಾಫಿ ವರ್ತಕರಿಗೆ ಔಟ್‌ಟರ್ನ್ ಎಂದರೇನೆಂದು ವಿವರಿಸುವ ಅಗತ್ಯವಿಲ್ಲ. 50 ಕಿ.ಗ್ರಾಂ. ತೂಕದ ಒಂದು ಮೂಟೆ ಚೆರ್ರಿಯಿಂದ ಎಷ್ಟು ಕಿ.ಗ್ರಾಂ. ಬೀಜ ದೊರೆಯುವುದೆಂಬುದನ್ನು ಮಾದರಿ ತೆಗೆದು ನಿರ್ಧರಿಸಿ, ಅದನ್ನು ದರದಿಂದ ಗುಣಿಸಿ ಬಿಲ್ಲು ಮಾಡಲಾಗುತ್ತದೆ. ಹಿಂದೆ ಗುಮಾಸ್ತರು ಮಾಡುತ್ತಿದ್ದ ಈ ಗುಣಾಕಾರವನ್ನು ಈಗ ಗಣಕಯಂತ್ರವು ಮಾಡುತ್ತದೆ. ಔಟ್‌ಟರ್ನ್ 26.7 ಬಂದಾಗ ನಮ್ಮ ತಂತ್ರಾಂಶವು ಅದನ್ನು 26.7 ಎಂದೇ ಗಣಿಸುವುದೋ, 26.5ಕ್ಕೆ ಇಳಿಸುವುದೋ? ಒಂದು ಔಟ್‌ಟರ್ನಿಗೆ 350 ರೂಪಾಯಿ ದರವೆಂದು ಭಾವಿಸಿದರೆ ಈ 0.2ರ ಅಂತರವು ಮೂಟೆಗೆ 70 ರೂಪಾಯಿ. 200 ಮೂಟೆಗೆ 14,000 ರೂಪಾಯಿ. ಬೆಳೆಗಾರರು ಪ್ರಶ್ನಿಸಿದಾಗ "ಕಂಪ್ಯೂಟರಿನಲ್ಲಿ ಹಾಗೆ ಬರುತ್ತದೆ" ಎಂಬುದು ಉತ್ತರವಾಗಲಾರದು. ಆದರೆ ತಂತ್ರಾಂಶವನ್ನು ಬರೆದುಕೊಟ್ಟವರು ಊರು ಬಿಟ್ಟು ಹೋಗಿದ್ದರೆ ಬೇರೆ ಉತ್ತರವನ್ನು ಕಂಡುಕೊಳ್ಳುವುದು ಹೇಗೆ?

ತಂತ್ರಾಂಶವನ್ನು ರಚಿಸುವವರು ಮೊದಲು ಅದನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಇದನ್ನು ಸೋರ್ಸ್ ಕೋಡ್ ಅಥವಾ ಮೂಲ ಸಂಕೇತ ಎನ್ನುತ್ತಾರೆ. ಕಂಪೈಲರ್ ಎಂಬ ಸಾಧನವು ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳ ರೂಪಕ್ಕೆ ತರುತ್ತದೆ. ಗ್ರಾಹಕರ ಕೈಗೆ ಬರುವುದು ಈ ಎರಡನೆಯ ರೂಪ ಮಾತ್ರ. ಹುರಿದು ಪುಡಿ ಮಾಡಿದ ಕಾಫಿಯಿಂದ ಬೀಜವನ್ನು ಮರಳಿ ಪಡೆಯಲಾಗದು. ಆದರೂ ನುರಿತವರು ಪುಡಿಯನ್ನು ನೋಡಿ ಅದರಲ್ಲಿ ಚಿಕೋರಿ ಬೆರೆತಿದೆಯೇ ಎಂಬುದನ್ನು ಹೇಳಬಲ್ಲರು. ಕಂಪೈಲ್ ಆದ ತಂತ್ರಾಂಶದಿಂದ ಹಿಮ್ಮುಖವಾಗಿ ಅದರ ರಚನೆಯನ್ನು ಊಹಿಸುವ ವಿದ್ಯೆಯೂ ಹೆಚ್ಚುಕಡಿಮೆ ಇದೇ ಬಗೆಯದು. ಇದನ್ನು ರಿವರ್ಸ್ ಎಂಜಿನಿಯರಿಂಗ್ ಎಂದು ಕರೆಯಲಾಗುತ್ತದೆ.

ಈ ವಿದ್ಯೆಯನ್ನು ಕಳ್ಳವಿದ್ಯೆಯೆಂದೇ ಭಾವಿಸುವವರಿದ್ದಾರೆ. ನಮ್ಮ ಅಂಗಡಿ, ಕಛೇರಿಗಳಿಗೆ ಅಗ್ಗದ ಗಣಕಯಂತ್ರ ಬಂದದ್ದೇ ಇದರಿಂದ ಎಂಬುದನ್ನು ಅವರು ಗಮನಿಸಬೇಕು. ಐಬಿಎಂ ಸಂಸ್ಥೆಯು 1981ರಲ್ಲಿ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಬಯಾಸ್ ಎಂಬ ಅಂತರ್ಗತ ತಂತ್ರಾಂಶದ ಹಕ್ಕು ಆ ಸಂಸ್ಥೆಯದಾಗಿತ್ತು. ಫೀನಿಕ್ಸ್ ಎಂಬ ಅಮೆರಿಕದ ಸಂಸ್ಥೆಯು ಒಂದು ತಂಡದಿಂದ ಅದನ್ನು ಅಭ್ಯಾಸ ಮಾಡಿಸಿ, ಅದು ಏನೇನು ಮಾಡುವುದೆಂಬ ವಿವರಣೆಯನ್ನಷ್ಟೇ ಬರೆಸಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಮತ್ತೊಂದು ತಂಡವು ಆ ವಿವರಣೆಯ ಆಧಾರದಿಂದ ಹೊಸ ಬಯಾಸ್ ರಚಿಸಿತು. 1984ರಿಂದ ಇದು ಇತರ ತಯಾರಕರಿಗೆ ದೊರೆತು, ಐಬಿಎಂಗೆ ಹೊಂದುವ ಯಂತ್ರಗಳು ಮಾರುಕಟ್ಟೆಯನ್ನು ತುಂಬಿದವು.

ಇನ್ನು ಸಲಕರಣೆಗಳ ವಿಚಾರ. ಯಂತ್ರಸಂಕೇತವನ್ನು ಒಂದೊಂದೇ ಆದೇಶವಾಗಿ ಬಿಡಿಸಿ ತೋರಿಸುವುದು ಡಿಸ್‌ಅಸೆಂಬ್ಲರ್. ಅದಕ್ಕಿಂತ ಮುಂದೆ ಹೋಗಿ ಮೂಲ ಭಾಷೆಯನ್ನು ಹೋಲುವ ರೂಪದಲ್ಲಿ ಬರೆದು ಕೊಡುವುದು ಡಿಕಂಪೈಲರ್. ತಂತ್ರಾಂಶವು ನಡೆಯುತ್ತಿರುವಾಗಲೇ ಬೇಕಾದಲ್ಲಿ ನಿಲ್ಲಿಸಿ ಒಳಗಿನ ಅಂಕಿಗಳನ್ನು ನೋಡಲು ನೆರವಾಗುವುದು ಡಿಬಗ್ಗರ್. ಬೆಲ್ಜಿಯಂ ದೇಶದ ಹೆಕ್ಸ್-ರೇಸ್ ಸಂಸ್ಥೆಯ ಐಡಾ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಹೆಸರಾದುದು, ದುಬಾರಿಯೂ ಹೌದು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ತಾನು ಬಳಸುತ್ತಿದ್ದ ಘಿಡ್ರಾ ಎಂಬ ಸಾಧನವನ್ನು 2019ರ ಮಾರ್ಚ್‌ನಲ್ಲಿ ಉಚಿತವಾಗಿ ಬಿಡುಗಡೆ ಮಾಡಿದ ಮೇಲೆ ವಿದ್ಯಾರ್ಥಿಗಳಿಗೂ ಇಂತಹ ಸಾಧನ ದೊರೆಯುವಂತಾಯಿತು. ಆದರೆ ಇವುಗಳ ಫಲಿತಾಂಶವನ್ನು ಓದಲು ವರ್ಷಗಳ ಅಭ್ಯಾಸ ಬೇಕು. ಜಾವಾ ಅಥವಾ ಡಾಟ್‌ನೆಟ್‌ನಲ್ಲಿ ರಚಿಸಿದ ತಂತ್ರಾಂಶಗಳು ಸುಲಭವಾಗಿ ಬಿಚ್ಚಿಕೊಳ್ಳುತ್ತವೆ. ಸಿ ಭಾಷೆಯವು ಹಾಗಲ್ಲ.

ನಮ್ಮ ಕಡೆಯ ನಿಜವಾದ ಸಮಸ್ಯೆ ಇರುವುದು ಫಾಕ್ಸ್‌ಪ್ರೊದಲ್ಲಿ. 1996ರ ವೇಳೆಗೆ ಕಾಫಿ ಮಂಡಳಿಯ ಪೂಲ್ ಪದ್ಧತಿಯ ಕಡ್ಡಾಯವು ಎಲ್ಲ ಬೆಳೆಗಾರರಿಗೂ ತಪ್ಪಿ, ಖರೀದಿ-ಮಾರಾಟದ ಲೆಕ್ಕ ಖಾಸಗಿಯವರ ಪಾಲಿಗೆ ಬಂದ ಕಾಲದಲ್ಲಿ ಅನೇಕ ಕಡೆ ಇಂತಹ ತಂತ್ರಾಂಶಗಳನ್ನು ಹೇಳಿ ಬರೆಸಿಕೊಳ್ಳಲಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜನವರಿಯಲ್ಲಿ ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಗೂ ಬೆಂಬಲ ನಿಲ್ಲಿಸಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹಲವು ಹಳೆಯ ತಂತ್ರಾಂಶಗಳು ಮೂಲೆ ಸೇರಿದವು. ಅವುಗಳೊಡನೆ ಹಳೆಯ ಲೆಕ್ಕವೂ ಮೂಲೆ ಸೇರಿತು. ಕಂಪನಿ ಕಾಯ್ದೆಯ 128ನೆಯ ಪ್ರಕರಣದಂತೆ ಕಂಪನಿಗಳು 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು. ಜಿಎಸ್‌ಟಿ ಕಾಯ್ದೆಯ 36ನೆಯ ಪ್ರಕರಣದ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳಿರಬೇಕು. "ತಂತ್ರಾಂಶ ತೆರೆಯುತ್ತಿಲ್ಲ" ಎಂಬ ಕಾರಣವನ್ನು ಯಾವ ಅಧಿಕಾರಿಯೂ ಒಪ್ಪಲಾರರು. ಮುಂಗಾರಿನಲ್ಲಿ ವಿದ್ಯುತ್ತು ಹೋಗಿ ಬಂದು ಮಾಡುವ ಈ ಸೀಮೆಯಲ್ಲಿ ಹಾರ್ಡ್ ಡಿಸ್ಕಿನ ಆಯುಸ್ಸನ್ನೂ ನಂಬುವಂತಿಲ್ಲ.

ಇಲ್ಲಿ ಸಮಾಧಾನದ ಸಂಗತಿಯೊಂದಿದೆ. ಬೀಗ ಇರುವುದು ತಂತ್ರಾಂಶಕ್ಕೆ; ಫಾಕ್ಸ್‌ಪ್ರೊದ ದತ್ತಾಂಶವು ಸಾಮಾನ್ಯವಾಗಿ ಡಿಬಿಎಫ್ ಎಂಬ ಬಾಲವಿರುವ ಕಡತಗಳಲ್ಲಿ ಬಹುಮಟ್ಟಿಗೆ ತೆರೆದೇ ಇರುತ್ತದೆ. ಕಡತದ ತಲೆಯಲ್ಲಿ ಎಷ್ಟು ದಾಖಲೆಗಳಿವೆ, ಪ್ರತಿ ಅಂಕಣದ ಹೆಸರು ಮತ್ತು ಅಗಲವೆಷ್ಟು ಎಂಬ ವಿವರವಿರುತ್ತದೆ. ಅದರ ಕೆಳಗೆ ದಾಖಲೆಗಳು ಸಾಲಾಗಿ ಇರುತ್ತವೆ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿಯೇ ಇದನ್ನು ತೆರೆಯಬಹುದು. ಮೊದಲು ಇಡೀ ಫೋಲ್ಡರಿನ ಪ್ರತಿ ಮಾಡಿಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡತಕ್ಕದ್ದು. ಕನ್ನಡದಲ್ಲಿ ಬರೆದ ಹೆಸರುಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಂಡರೆ ಗಾಬರಿಯಾಗಬೇಕಿಲ್ಲ. ಅವು ನುಡಿಯಂತಹ ಹಳೆಯ ಅಕ್ಷರಶೈಲಿಯ ಸಂಕೇತದಲ್ಲಿರಬಹುದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಹಳೆಯ ತಂತ್ರಾಂಶವನ್ನೇ ನಡೆಸಬೇಕೆಂದರೆ, ಡಾಸ್ ಕಾಲದ್ದಾದಲ್ಲಿ ಡಾಸ್‌ಬಾಕ್ಸ್ ಎಂಬ ಉಚಿತ ಸಾಧನದಲ್ಲಿ ಪ್ರಯತ್ನಿಸಬಹುದು. ಇವೆಲ್ಲ ಸಾಲದೆ, ಲೆಕ್ಕದ ಸೂತ್ರವೇ ಬೇಕಾದಾಗ ಮಾತ್ರ ರೀಫಾಕ್ಸ್‌ನಂತಹ ಡಿಕಂಪೈಲರ್‌ನ ಮಾತು.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಪ್ರಕರಣಕ್ಕೆ 1999ರ ತಿದ್ದುಪಡಿಯ ಮೂಲಕ ಸೇರಿದ ಉಪಖಂಡಗಳು ಇಲ್ಲಿ ಮುಖ್ಯವಾದವು. ತಂತ್ರಾಂಶವನ್ನು ನ್ಯಾಯಯುತವಾಗಿ ಹೊಂದಿರುವವರು, ಸ್ವತಂತ್ರವಾಗಿ ರಚಿಸಿದ ಮತ್ತೊಂದು ತಂತ್ರಾಂಶವು ಅದರೊಡನೆ ಹೊಂದಿ ನಡೆಯಲು ಅತ್ಯಗತ್ಯವಾದ ಮಾಹಿತಿಯನ್ನು ಪಡೆಯಲು ಬೇಕಾದ ಕ್ರಿಯೆಗಳನ್ನು ಮಾಡಬಹುದು. ಆದರೆ ಆ ಮಾಹಿತಿಯು ಬೇರೆ ರೀತಿಯಲ್ಲಿ ಸುಲಭವಾಗಿ ದೊರೆಯುವಂತಿರಬಾರದು. ಉದಾಹರಣೆಗೆ, ಬೆಂಗಳೂರಿನ ಟ್ಯಾಲಿ ತಂತ್ರಾಂಶವು ಎಕ್ಸ್‌ಎಂಎಲ್ ರೂಪದಲ್ಲಿ ಲೆಕ್ಕವನ್ನು ಕೊಡುವ ಮತ್ತು ಪಡೆಯುವ ಸೌಲಭ್ಯವನ್ನು ಬಹಿರಂಗವಾಗಿಯೇ ಒದಗಿಸಿದೆ. ಆದುದರಿಂದ ಆ ಕೆಲಸಕ್ಕೆ ಅದನ್ನು ಬಿಚ್ಚುವ ಸಮರ್ಥನೆ ಇರಲಾರದು. ಮತ್ತೊಂದು ಉಪಖಂಡದಂತೆ, ತಂತ್ರಾಂಶವನ್ನು ಅದರ ಉದ್ದೇಶಿತ ಕೆಲಸಕ್ಕೆ ಬಳಸುವಾಗಲೇ ಅದರ ತತ್ತ್ವವನ್ನು ತಿಳಿಯಲು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸುವುದು ಉಲ್ಲಂಘನೆಯಲ್ಲ.

ಮೊದಲು ಹೇಳಿದ ಔಟ್‌ಟರ್ನ್ ಪ್ರಶ್ನೆಗೆ ಈ ಎರಡನೆಯ ದಾರಿಯೇ ಸಾಕು. ಮೂಟೆ ಒಂದು, ದರ 100 ಎಂದಿಟ್ಟುಕೊಂಡು 26.0, 26.1, 26.2 ಹೀಗೆ 27.0ರವರೆಗೆ ಒಂದೊಂದಾಗಿ ನಮೂದಿಸಿ ಬರುವ ಮೊತ್ತವನ್ನು ಕಾಗದದ ಮೇಲೆ ಬರೆಯಿರಿ. 2,670 ಬರಬೇಕಾದಲ್ಲಿ 2,650 ಬಂದರೆ ಒಳಗಿರುವ ನಿಯಮ ಗೊತ್ತಾಯಿತು. ತೇವಾಂಶದ ಕಡಿತವಿದ್ದರೆ ಅದನ್ನೂ ಹೀಗೆಯೇ, ಆದರೆ ಬೇರೆಯಾಗಿ, ಒಂದು ಅಂಶವನ್ನು ಮಾತ್ರ ಬದಲಿಸುತ್ತ ಪರೀಕ್ಷಿಸಬೇಕು. ಇದಕ್ಕೆ ಯಾವ ಡಿಸ್‌ಅಸೆಂಬ್ಲರೂ ಬೇಡ. ಶ್ರದ್ಧೆಯುಳ್ಳ ಗುಮಾಸ್ತರೊಬ್ಬರ ಒಂದು ಮಧ್ಯಾಹ್ನ ಸಾಕು. ಆ ಹಾಳೆಗೆ ದಿನಾಂಕ ಹಾಕಿ ಸಹಿ ಮಾಡಿ ಫೈಲಿನಲ್ಲಿಡುವುದು ಉತ್ತಮ. ವಿದ್ಯುನ್ಮಾನ ತಕ್ಕಡಿ ಮತ್ತು ವೇಬ್ರಿಡ್ಜ್‌ಗಳ ಒಳಭಾಗವನ್ನು ಮಾತ್ರ ಯಾರೂ ಮುಟ್ಟಕೂಡದು. ಅವು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಗೆ ಒಳಪಟ್ಟವು.

ಇದೇ ಸಲಕರಣೆಗಳಿಂದ ಬೀಗ ಮುರಿದು ತಯಾರಾಗುವ ಕ್ರ್ಯಾಕ್ ಪ್ರತಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾದುದು. 63ಬಿ ಪ್ರಕರಣದಂತೆ ನಕಲಿ ತಂತ್ರಾಂಶವನ್ನು ತಿಳಿದೂ ಗಣಕಯಂತ್ರದಲ್ಲಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹ ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ವ್ಯಾಪಾರಕ್ಕಾಗಿ ಬಳಸದವರಿಗೆ ನ್ಯಾಯಾಲಯವು ತೋರಬಹುದಾದ ರಿಯಾಯಿತಿಯು ವರ್ತಕರಿಗೆ ಅನ್ವಯಿಸದು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಬೀಗವನ್ನು ತಪ್ಪಿಸುವುದು 2012ರಲ್ಲಿ ಸೇರಿದ 65ಎ ಪ್ರಕರಣದಂತೆ ಪ್ರತ್ಯೇಕ ಅಪರಾಧ. ಮೇಲಾಗಿ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕು, ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿ ಮಾಡಬೇಕು. ಯಾರೋ ಅಪರಿಚಿತರು ಒಳಗೆ ಕೈಯಾಡಿಸಿದ ತಂತ್ರಾಂಶದ ಜಾಡನ್ನು ನಾನು ಹೇಗೆ ನಂಬಲಿ?

ಉಪದ್ರವಕಾರಿ ತಂತ್ರಾಂಶವನ್ನು ಬಿಚ್ಚಿ ನೋಡುವವರೂ ಇದೇ ವಿದ್ಯೆಯವರು. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಹರಡಿದಾಗ ಅದರ ಮಾದರಿಯನ್ನು ಪರಿಶೀಲಿಸಿದ ಬ್ರಿಟನ್ನಿನ ತರುಣರೊಬ್ಬರು, ಅದು ಯಾರೂ ನೋಂದಾಯಿಸದ ಒಂದು ಅಂತರಜಾಲ ವಿಳಾಸವನ್ನು ಸಂಪರ್ಕಿಸಲು ಯತ್ನಿಸುವುದನ್ನು ಕಂಡರು. ಅವರು ಆ ವಿಳಾಸವನ್ನು ನೋಂದಾಯಿಸಿದೊಡನೆ ಹರಡುವಿಕೆ ಬಹುಮಟ್ಟಿಗೆ ನಿಂತಿತು.

ಹಳೆಯ ತಂತ್ರಾಂಶವನ್ನು ಬಿಚ್ಚಲೇಬೇಕಾದ ಪ್ರಸಂಗ ಬಂದಲ್ಲಿ, ಮೊದಲು ಖರೀದಿಯ ಬಿಲ್ಲು ಮತ್ತು ಪರವಾನಗಿ ಪತ್ರವನ್ನು ಹುಡುಕಿಡಿ. ಮಾರಿದವರಿಗೆ ಅವರ ಕೊನೆಯ ವಿಳಾಸಕ್ಕೆ ಪತ್ರ ಬರೆದು ಮಾಹಿತಿ ಕೇಳಿ, ಉತ್ತರ ಬಾರದಿದ್ದರೆ ಅದರ ದಾಖಲೆ ಇರಲಿ. ಪರವಾನಗಿಯಲ್ಲಿ ಬಿಚ್ಚಬಾರದೆಂಬ ಷರತ್ತಿದ್ದರೆ ವಕೀಲರ ಅಭಿಪ್ರಾಯ ಪಡೆಯದೆ ಮುಂದುವರಿಯಬೇಡಿ. ಹೊಸದನ್ನು ಬರೆಸುವವರು ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಮೂರು ಅಂಶಗಳನ್ನು ಸೇರಿಸಿಕೊಳ್ಳಬೇಕು: ಎಲ್ಲ ದತ್ತಾಂಶವನ್ನೂ ಸಾಮಾನ್ಯ ಪಠ್ಯರೂಪದಲ್ಲಿ ಹೊರತೆಗೆಯುವ ಸೌಲಭ್ಯ, ಕಡತಗಳ ಅಂಕಣ ವಿವರ ಮತ್ತು ಗುಪ್ತಪದಗಳ ಪಟ್ಟಿ, ಹಾಗೂ ಮೂಲ ಸಂಕೇತದ ಒಂದು ಪ್ರತಿಯನ್ನು ಮೊಹರು ಮಾಡಿ ಉಭಯರಿಗೂ ಒಪ್ಪಿಗೆಯಾದ ಮೂರನೆಯವರ ಬಳಿ ಇಡುವುದು. ಪ್ರತಿ ಬದಲಾವಣೆಯ ನಂತರ ಆ ಪ್ರತಿಯನ್ನೂ ಹೊಸದಾಗಿ ಇಡಬೇಕೆಂದು ಬರೆಸಿಕೊಳ್ಳಿ. ಕೊನೆಯ ಕಂತಿನ ಹಣವನ್ನು ಅದಾದ ಮೇಲೆಯೇ ಪಾವತಿಸಿ.