ಚಿಪ್‌ಗೊಬ್ಬ ದುಭಾಷಿ ಬೇಕು!

ಮಕ್ಕಳೇ, ಬಸ್ ನಿಲ್ದಾಣದಲ್ಲಿ ಪರಊರಿನವರೊಬ್ಬರು ನಿಮ್ಮನ್ನು ದಾರಿ ಕೇಳುತ್ತಾರೆ ಎಂದುಕೊಳ್ಳಿ. ಅವರ ಭಾಷೆ ನಿಮಗೆ ಬಾರದು, ನಿಮ್ಮದು ಅವರಿಗೆ ಬಾರದು. ದಾರಿ ಗೊತ್ತಿದ್ದರೂ ಹೇಳುವುದು ಹೇಗೆ? ಎರಡೂ ಭಾಷೆ ಬಲ್ಲ ದುಭಾಷಿ ಬೇಕು, ಅಲ್ಲವೇ? ಕಂಪ್ಯೂಟರಿನ ಒಳಗೂ ಇಂತಹ ದುಭಾಷಿಗಳಿವೆ. ಅವುಗಳ ಹೆಸರು ಡ್ರೈವರ್. ಇದು ಬಸ್ ಓಡಿಸುವ ಡ್ರೈವರ್ ಅಲ್ಲ, ಒಂದು ತಂತ್ರಾಂಶ.

ಡ್ರೈವರ್ ಏಕೆ ಬೇಕು?

ಬೇರೆ ಕಂಪ್ಯೂಟರುಗಳು ಕೇಳಿದ ಮಾಹಿತಿಯನ್ನು ಒದಗಿಸುವ ಕಂಪ್ಯೂಟರನ್ನು ಸರ್ವರ್ ಎನ್ನುತ್ತಾರೆ. ಅನೇಕ ಸರ್ವರ್‌ಗಳನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಯೂನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಮಾದರಿಯಲ್ಲಿ ಇದನ್ನು ಬರೆಯಲು 1991ರಲ್ಲಿ ಆರಂಭಿಸಿದವರು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್.

ಸರ್ವರ್ ಹೊರಗಿನೊಡನೆ ಮಾತನಾಡುವುದು ನೆಟ್‌ವರ್ಕ್ ಚಿಪ್‌ನ ಮೂಲಕ. ಪ್ರತಿ ಚಿಪ್‌ನಲ್ಲೂ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆ ಇರುತ್ತವೆ. ಎನ್‌ವಿಡಿಯಾ ಕಂಪನಿಯ ಸಂಖ್ಯೆ 4318. ಲಿನಕ್ಸ್ ಈ ಸಂಖ್ಯೆಗಳನ್ನು ಓದಿ ಹೊಂದುವ ಡ್ರೈವರನ್ನು ಹುಡುಕುತ್ತದೆ. ಸಿಗದಿದ್ದರೆ? ಚಿಪ್ ಸರಿಯಾಗಿಯೇ ಇದ್ದರೂ ಸರ್ವರ್ ಮೂಕವಾಗುತ್ತದೆ!

ಗುಟ್ಟು ಬಿಡಿಸಿದವರು

2003ರ ಸುಮಾರಿಗೆ ಎನ್‌ವಿಡಿಯಾದ ಎನ್‌ಫೋರ್ಸ್ ಚಿಪ್‌ಗಳ ವಿಷಯದಲ್ಲಿ ಇಂತಹದೇ ತೊಡಕು ಇತ್ತು. ಕಂಪನಿ ತನ್ನದೇ ಡ್ರೈವರ್ ಕೊಟ್ಟಿತ್ತು. ಆದರೆ ಅದರ ಮುಖ್ಯ ಭಾಗವನ್ನು ಯಾರೂ ಓದಿ ತಿದ್ದುವಂತಿರಲಿಲ್ಲ. ಚಿಪ್ ಹೇಗೆ ಕೆಲಸ ಮಾಡುತ್ತದೆಂಬ ವಿವರವನ್ನೂ ಕಂಪನಿ ಕೊಡಲಿಲ್ಲ.

ಕೆಲವು ಲಿನಕ್ಸ್ ಆಸಕ್ತರು ಒಂದು ಉಪಾಯ ಮಾಡಿದರು. ಕಾರ್ಲ್-ಡೇನಿಯಲ್ ಹೈಲ್‌ಫಿಂಗರ್ ಮತ್ತು ಆಂಡ್ರ್ಯೂ ಡಿ ಕ್ವಿನ್ಸಿ ಚಿಪ್‌ನ ನಡವಳಿಕೆಯನ್ನು ಪತ್ತೆಹಚ್ಚಿ ಟಿಪ್ಪಣಿ ಬರೆದರು. ಮ್ಯಾನ್‌ಫ್ರೆಡ್ ಸ್ಪ್ರಾಲ್ ಆ ಟಿಪ್ಪಣಿಯನ್ನು ಮಾತ್ರ ಓದಿ ಹೊಸ ಡ್ರೈವರ್ ಬರೆದರು. ಹೀಗೇಕೆ? ಕಂಪನಿಯ ಬರಹವನ್ನು ನಕಲು ಮಾಡಬಾರದಲ್ಲ! ಚಿಪ್‌ನ ಗುಣ ತಿಳಿಯುವುದು ಬೇರೆ, ಇನ್ನೊಬ್ಬರು ಬರೆದದ್ದನ್ನು ಕದಿಯುವುದು ಬೇರೆ.

ತಿರುಗುಮುರುಗು ವಿಳಾಸ

ಮನೆಗಳಿಗೆ ವಿಳಾಸವಿರುವಂತೆ ಪ್ರತಿ ನೆಟ್‌ವರ್ಕ್ ಚಿಪ್‌ಗೂ ಆರು ಜೋಡಿಗಳ ಒಂದು ವಿಳಾಸ ಇರುತ್ತದೆ. ಉದಾಹರಣೆಗೆ 00-16-24-35-47-58. ಹಲವು ಎನ್‌ಫೋರ್ಸ್ ಚಿಪ್‌ಗಳಲ್ಲಿ ಇದು ಹಿಂದುಮುಂದಾಗಿ, 58-47-35-24-16-00 ಎಂದು ಕುಳಿತಿತ್ತು! ಮುಂದೆ ಬಂದ ಚಿಪ್‌ಗಳಲ್ಲಿ ಮತ್ತೆ ನೇರವಾಗಿತ್ತು. ಆದ್ದರಿಂದ ಡ್ರೈವರ್ ಮೊದಲು ಚಿಪ್‌ನ ಬಗೆಯನ್ನು ನೋಡುತ್ತದೆ. ತಿರುವಿದ್ದರೆ ಮಾತ್ರ ವಿಳಾಸವನ್ನು ಸರಿಪಡಿಸುತ್ತದೆ. ಇಂತಹ ಸಣ್ಣ ಸಂಗತಿ ತಪ್ಪಿದರೂ ಚಿಪ್ ತಪ್ಪು ವಿಳಾಸ ಹೇಳುತ್ತದೆ.

ಈ ಡ್ರೈವರಿನ ಹೆಸರು ಫೋರ್ಸ್‌ಡೆತ್. ಅದು ಲಿನಕ್ಸ್‌ನ ಭಾಗವೇ ಆಯಿತು. ಯೂನಿಕ್ಸ್ ಕುಟುಂಬದ ಮತ್ತೊಂದು ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು ಇದರಿಂದ ಬೇಕಾದ ಸಂಖ್ಯೆಗಳನ್ನು ತಿಳಿದು ತಮ್ಮದೇ ಡ್ರೈವರ್ ಬರೆದರು. ಅದು 2006ರಲ್ಲಿ ಬಿಡುಗಡೆಯಾಯಿತು. ಮುಂದೆ ಎನ್‌ವಿಡಿಯಾ ಕೂಡ ಫೋರ್ಸ್‌ಡೆತ್‌ನ ಸುಧಾರಣೆಗೆ ಕೈಜೋಡಿಸಿತು. ಕೆಲವರು ಕಂಡುಕೊಂಡದ್ದನ್ನು ಬಚ್ಚಿಡದೆ ಹಂಚಿದ್ದರಿಂದ ಎಲ್ಲರಿಗೂ ಉಪಯೋಗವಾಯಿತು, ನೋಡಿ!

ಮಾಡಿ ನೋಡಿ

ಗೆಳೆಯನೊಬ್ಬ ಚಿಪ್ ಆಗಲಿ. ಅವನು ಒಂದು ಗುಟ್ಟಿನ ನಿಯಮ ಇಟ್ಟುಕೊಳ್ಳಲಿ: ಹೇಳಿದ ಸಂಖ್ಯೆಯನ್ನು ತಿರುಗಿಸಿ 1 ಕೂಡಿಸುವುದು. 23 ಎಂದರೆ ಅವನ ಉತ್ತರ 33. ಮೊದಲ ಗುಂಪು ಹಲವು ಸಂಖ್ಯೆಗಳನ್ನು ಹೇಳಿ, ಉತ್ತರ ಗಮನಿಸಿ, ನಿಯಮವನ್ನು ಚೀಟಿಯಲ್ಲಿ ಬರೆಯಲಿ. ಎರಡನೇ ಗುಂಪು ಚೀಟಿಯನ್ನು ಮಾತ್ರ ನೋಡಿ 47ಕ್ಕೆ ಉತ್ತರ ಹೇಳಲಿ. 75 ಬಂತೇ? ಹಾಗಿದ್ದರೆ ನಿಮ್ಮ ದುಭಾಷಿ ಸಿದ್ಧ!