ಮೂಲಸಂಕೇತದಿಂದ ತಂತ್ರಾಂಶ ಕಟ್ಟುವಲ್ಲಿನ ತೊಡಕುಗಳು: ಟೆಸರಾಕ್ಟ್ ನಿದರ್ಶನ

ಮುದ್ರಿತ ಪುಟದ ಚಿತ್ರವನ್ನು ಹುಡುಕಬಲ್ಲ ಪಠ್ಯವಾಗಿಸುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವು ಕನ್ನಡ ಗ್ರಂಥಾಲಯಗಳಿಂದ ದೂರವಿರುವ ಹೊರನಾಡಿನ ಸಂಶೋಧಕರಿಗೆ ದೊಡ್ಡ ಆಸರೆ. ಇದರ ಮೂಲಸಂಕೇತವು 2005ರಲ್ಲಿ ಮುಕ್ತವಾಯಿತು. ನರಜಾಲ ಪದ್ಧತಿಯನ್ನು ಅಳವಡಿಸಿಕೊಂಡ 4ನೆಯ ಆವೃತ್ತಿ 2018ರಲ್ಲಿ ಬಂದಿತು. ಲಿನಕ್ಸ್ ಗಣಕದಲ್ಲಿ ಇದನ್ನು ತಾವೇ ಕಟ್ಟಹೊರಟವರು ಬಹುಮಟ್ಟಿಗೆ ಮೊದಲ ಮೆಟ್ಟಿಲಿನಲ್ಲಿಯೇ ಎಡವುತ್ತಾರೆ.

'ಕಾನ್ಫಿಗರ್' ಆಜ್ಞೆಯು ಲೆಪ್ಟಾನಿಕಾ 1.74 ಅಥವಾ ಅದಕ್ಕೂ ಹೊಸತು ಬೇಕೆಂದು ಹೇಳಿ ನಿಂತುಬಿಡುತ್ತದೆ. ಲೆಪ್ಟಾನಿಕಾ ಗಣಕದಲ್ಲಿದ್ದರೂ ಈ ದೂರು ಬರುವುದುಂಟು. ಕಾರಣವಿಷ್ಟೆ: ಡೆಬಿಯನ್, ಉಬುಂಟುಗಳಲ್ಲಿ ತಂತ್ರಾಂಶವನ್ನು ಓಡಿಸಲು ಬೇಕಾದ ಲೈಬ್ರರಿಯೂ ಕಟ್ಟಲು ಬೇಕಾದ ಹೆಡರ್ ಕಡತಗಳೂ ಬೇರೆ ಬೇರೆ ಪ್ಯಾಕೇಜುಗಳಲ್ಲಿವೆ. ಎರಡನೆಯದರ ಹೆಸರು 'ಡೆವ್' ಎಂದು ಕೊನೆಗೊಳ್ಳುತ್ತದೆ. ಅದನ್ನು ಸ್ಥಾಪಿಸಿ ಪುನಃ ಕಾನ್ಫಿಗರ್ ಮಾಡಬೇಕು. ಆಗಲೂ ನಿಂತರೆ 'ಕಾನ್ಫಿಗ್.ಲಾಗ್' ಕಡತವನ್ನು ತೆರೆಯಬೇಕು. ಅದರ ಕೊನೆಯಲ್ಲಿರುವ ಚರಗಳ ಉದ್ದನೆಯ ಪಟ್ಟಿ ನಿರುಪಯುಕ್ತ. ಸೋತ ಪರೀಕ್ಷೆಯ ವಿವರ ಅದಕ್ಕಿಂತ ಮೇಲಿರುತ್ತದೆ.

'ಮೇಕ್' ಹಂತದಲ್ಲಿ ನೂರಾರು ಸಾಲು ದೋಷಗಳು ಹರಿದುಬಂದಾಗ ಕೊನೆಯದನ್ನು ಕಂಡು ಕಂಗೆಡುವುದು ಸಹಜ. ನೋಡತಕ್ಕದ್ದು ಮೊದಲನೆಯದನ್ನು. ಗ್ರಂಥಸಂಪಾದಕರಿಗೆ ಇದೇನೂ ಹೊಸತಲ್ಲ: ಒಬ್ಬ ಲಿಪಿಕಾರನ ಸ್ಖಾಲಿತ್ಯವು ಅನಂತರದ ಪ್ರತಿಗಳಲ್ಲೆಲ್ಲ ಕವಲೊಡೆಯುವುದನ್ನು ನಾವು ಕಂಡೇ ಇದ್ದೇವೆ. ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸಿದಾಗ ಸಾಲುಗಳು ಕಲಸಿಹೋಗುವುದರಿಂದ 'ಮೇಕ್ -ಜೆ1' ಎಂದು ಒಂದೊಂದಾಗಿಯೇ ಮತ್ತೊಮ್ಮೆ ನಡೆಸುವುದು ಲೇಸು.

ಕಟ್ಟಿ ಸ್ಥಾಪಿಸಿದ ಮೇಲೆಯೂ ಲೈಬ್ರರಿ ಸಿಗಲಿಲ್ಲವೆಂಬ ಸಂದೇಶ ಬಂದರೆ ಸಾಮಾನ್ಯವಾಗಿ 'ಎಲ್‌ಡಿಕಾನ್ಫಿಗ್' ಆಜ್ಞೆಯಿಂದ ಪರಿಹಾರ. ಕನ್ನಡ ಓದಲಾರೆನೆಂದರೆ ಅದು ಕಟ್ಟಣೆಯ ದೋಷವೇ ಅಲ್ಲ; 'ಕನ್.ಟ್ರೇನ್ಡ್‌ಡೇಟಾ' ಎಂಬ ಕಡತವನ್ನು ಪ್ರತ್ಯೇಕವಾಗಿ ತಂದು 'ಟೆಸ್‌ಡೇಟಾ' ಕೋಶದಲ್ಲಿ ಇರಿಸಬೇಕು.