ಶ್ಲೇಷೆಯ ಹಗುರ ಮತ್ತು ಭಾರ

ಮಾತಿನ ನಡುವೆ ಶ್ಲೇಷೆಯಾಡುವವನನ್ನು ಸಭಿಕರು ನಗುತ್ತಲೇ ಹಗುರವಾಗಿ ಕಾಣುತ್ತಾರೆ. ಅನ್ಯರ ಹೆಸರನ್ನೋ ಕುಲವನ್ನೋ ಮುರಿದು ನಗಿಸುವವನಿಗೆ ಅದು ಸಲ್ಲತಕ್ಕದ್ದೇ. ಟಿ. ಪಿ. ಕೈಲಾಸಂ (1884–1946) ಅವರ ಶಬ್ದಚಮತ್ಕಾರವನ್ನು ಇಂದಿಗೂ ಮೆಚ್ಚುವವರುಂಟು. ಆ ನಗೆಯಲ್ಲಿ ಅವರ ನಾಟಕಗಳ ನೋವು ಮರೆಯಾಗುವುದೂ ಉಂಟು.

ಆಲಂಕಾರಿಕರಿಗೆ ಈ ತಾತ್ಸಾರವಿರಲಿಲ್ಲ. ಪದವನ್ನು ಒಡೆದು ಎರಡನೆಯ ಅರ್ಥ ಪಡೆದರೆ ಸಭಂಗ, ಒಡೆಯದೆ ಪಡೆದರೆ ಅಭಂಗವೆಂದು ಅವರು ವಿಂಗಡಿಸಿದರು. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಅದು ಪಾಂಡಿತ್ಯದ ಮೆರವಣಿಗೆ, ಓದುಗನಿಗೆ ಆಯಾಸವೂ ಹೌದು.

ವಚನದ ದಾರಿ ಬೇರೆ. ‘ಸ್ಥಾವರ’ವೆಂದರೆ ನಿಂತದ್ದು, ಕಟ್ಟಿದ ದೇಗುಲವೂ ಅದೇ. ‘ಜಂಗಮ’ವೆಂದರೆ ಚಲಿಸುವುದು, ಮನೆಬಾಗಿಲಿಗೆ ಬರುವ ಶಿವಸ್ವರೂಪಿಯೂ ಅದೇ. ಬಸವಣ್ಣನವರು ಈ ಪದಗಳನ್ನು ಎದುರುಬದುರು ನಿಲ್ಲಿಸಿದಲ್ಲಿ ಒಂದರ್ಥವನ್ನು ತೆಗೆದರೆ ತತ್ತ್ವವೇ ಕುಸಿಯುತ್ತದೆ. ಇದನ್ನು ಶ್ಲೇಷೆಯೆನ್ನಲು ಭಕ್ತರು ಹಿಂಜರಿಯಬೇಕಾಗಿಲ್ಲ.